ನಿಮ್ಮ ಹೀರೋನ ಪಾಸ್‌ಪೋರ್ಟು ಯಾರ ಹತ್ತಿರ ಇದೆ?

ಈ ವಾರದ ಟಪಾಲಿನಲ್ಲಿ ತಿಪಟೂರಿನ ಅಭಿಮಾನಿ ಮಿತ್ರರೊಬ್ಬರ ಕಾಗದ ಬಂದಿದೆ. ಕಾಗದ ಅಂದರೆ ಕಾಗದವೇ ಸ್ವಾಮೀ, ವಾಟ್ಸಾಪ್ ಅಲ್ಲ! ನೋಟ್‌ಬುಕ್ಕಿನಿಂದ ಹರಿದ ಆರು ಹಾಳೆ, ಎರಡೂ ಮಗ್ಗುಲು, ನೀಲಿ ಇಂಕು. ವಿಷಯ ಇಷ್ಟು. ಅವರೊಂದು ಸಿನಿಮಾ ಕತೆ ಬರೆದಿದ್ದಾರಂತೆ. ಹೀರೋ ನಮ್ಮ ಮಿಲಿಟರಿಯವನು. ಶತ್ರುದೇಶಕ್ಕೆ ನುಗ್ಗಿ ಅಲ್ಲಿ ಸೆರೆಯಲ್ಲಿರುವ ವಿಜ್ಞಾನಿಯನ್ನು ಬಿಡಿಸಿಕೊಂಡು ಬರುತ್ತಾನೆ. ಆ ಶತ್ರುದೇಶಕ್ಕೆ ಇವರೇ ಒಂದು ಹೆಸರು ಕಟ್ಟಿದ್ದಾರೆ. (ಹೆಸರು ಇಲ್ಲಿ ಹಾಕುವುದಿಲ್ಲ, ಯಾರಾದರೂ ಹಾರಿಸಿಬಿಟ್ಟಾರು!) ಈಗ ಅವರ ಪ್ರಶ್ನೆ: "ಸಾರ್, ನನ್ನ ದೇಶ ಸುಳ್ಳು ದೇಶ. ಆದರೆ ನಿಜವಾದ ಒಂದು ದೇಶವನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದಿದ್ದೇನೆ. ಹಾಗೆ ಮಾಡಬಹುದಾ? ಕೇಸು ಗೀಸು ಹಾಕ್ತಾರಾ? ಇಲ್ಲಾ ಎಲ್ಲವನ್ನೂ ನನ್ನ ತಲೆಯಿಂದಲೇ ಹುಟ್ಟಿಸಬೇಕಾ?"

ಪ್ರಶ್ನೆ ಚಿಕ್ಕದು. ಓದಿದ ಕೂಡಲೇ ನನಗೆ ಮಾತ್ರ ಹಳೇ ಗಾಯವೊಂದು ಚುಳ್ಳೆಂದಿತು. ಯಾಕೆಂದರೆ ನಾನೂ ಒಂದು ಕಾಲದಲ್ಲಿ ದೇಶವೊಂದನ್ನು ಸ್ಥಾಪಿಸಿದ ಮಹಾಪುರುಷ! ನನ್ನ ದೇಶದ ಹೆಸರು ಖಜೂರಿಸ್ತಾನ. ನಗಬೇಡಿ, ಕತೆ ಪೂರ್ತಿ ಕೇಳಿ.

ಆಗ ನನಗೆ ಇಪ್ಪತ್ತಮೂರು. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು, ಉಡುಪಿಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಗಾಂಧಿನಗರದ ಒಂದು ಆಫೀಸಿನಲ್ಲಿ 'ಸ್ಟೋರಿ ಡಿಸ್ಕಷನ್' ಎಂಬ ಘನವಾದ ಹೆಸರಿನಲ್ಲಿ ಎಲ್ಲರಿಗೂ ಕಾಫಿ ತಂದುಕೊಡುತ್ತಿದ್ದೆ. ಕಾಫಿಯ ನಡುವೆ ಒಂದು ದಿನ ಧೈರ್ಯ ಮಾಡಿ ನನ್ನ ಕತೆ ಹೇಳಿದೆ. ಕರಾವಳಿಯ ಹುಡುಗ ಗಲ್ಫಿಗೆ ದುಡಿಯಲು ಹೋಗುತ್ತಾನೆ, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಹೋರಾಡಿ ಊರಿಗೆ ಬರುತ್ತಾನೆ. ನಿರ್ಮಾಪಕರು ತಲೆದೂಗಿದರು. ಆಮೇಲೆ ಅಂದರು: "ಆ ದೇಶದ ಹೆಸರು ತೆಗೀರಿ. ನಾಳೆ ಪಿಕ್ಚರ್ ಅಲ್ಲೇ ರಿಲೀಸ್ ಮಾಡ್ಬೇಕು, ಅಲ್ಲಿರೋ ನಮ್ಮ ಕನ್ನಡದೋರೇ ಟಿಕೆಟ್ ತಗೊಳ್ಳೋದು. ಏನಾದ್ರೂ ಒಂದ್ ಹೆಸರು ಹಾಕ್ಕೊಳ್ಳಿ."

ಅದೇನು ಮಹಾ! ಒಂದೇ ರಾತ್ರಿಯಲ್ಲಿ ಖಜೂರಿಸ್ತಾನಕ್ಕೆ ಸ್ವಾತಂತ್ರ್ಯ ಬಂತು. ಹಳದಿ ಬಾವುಟ, ನಡುವೆ ಖರ್ಜೂರದ ಮರ. ರಾಜನಿಗೆ ನಾಲ್ಕು ಜನ ಹೆಂಡಿರು, ಸೊಂಟದಲ್ಲಿ ಕತ್ತಿ, ಕಾಲಬುಡದಲ್ಲಿ ಸಾಕಿದ ಚಿರತೆ. ಜೈಲು ಒಡೆದ ಹೀರೋ ಒಂಟೆ ಮೇಲೆ ಓಡುತ್ತಾನೆ, ಹಿಂದೆ ಇಪ್ಪತ್ತು ಒಂಟೆ. ಕಾವಲುಗಾರರಿಗೆ ಯಾವ ಭಾಷೆ ಕೊಡೋಣ ಎಂದು ಯೋಚಿಸಿ, ನಮ್ಮ ಮನೆಮಾತು ತುಳುವನ್ನೇ ತಿರುವುಮುರುವು ಮಾಡಿ ಕೊಟ್ಟೆ!

ಒಂದು ಸೂಕ್ಷ್ಮ ನನಗೆ ಆಗ ಹೊಳೆಯಲಿಲ್ಲ. ಕತೆಯಲ್ಲಿ ನಿಜವಾದ ದೇಶದ ಹೆಸರಿದ್ದಾಗ ಅವರಿವರನ್ನು ಕೇಳುತ್ತಿದ್ದೆ, ಅಲ್ಲಿ ಸೆಖೆ ಹೇಗೆ, ಊಟ ಏನು, ರೂಮಿಗೆ ಎಷ್ಟು ಬಾಡಿಗೆ ಅಂತ. ಹೆಸರು ಸುಳ್ಳಾದದ್ದೇ ತಡ, ಕೇಳುವುದೇ ನಿಂತುಹೋಯಿತು. ನನ್ನ ದೇಶ, ನನ್ನ ಇಷ್ಟ! ತಪ್ಪು ಅಂತ ಹೇಳುವವರು ಯಾರಿದ್ದಾರೆ?

ಇದ್ದರು. ನನ್ನ ಸೋದರಮಾವ. ಹದಿನೇಳು ವರ್ಷ ಗಲ್ಫಿನಲ್ಲಿ ಡ್ರೈವರ್ ಕೆಲಸ ಮಾಡಿದವರು. ಆ ಮಳೆಗಾಲದಲ್ಲಿ ರಜೆಗೆ ಬಂದಿದ್ದರು, ನಾನೂ ಊರಿಗೆ ಹೋಗಿದ್ದೆ. ಮನೆಯ ಜಗಲಿಯಲ್ಲಿ ಕೂರಿಸಿ ಇಡೀ ಕತೆ ಓದಿ ಹೇಳಿದೆ. ಮಾವ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೇಳಿದರು. ಒಂಟೆ ಚೇಸಿಂಗ್ ಬಂದಾಗ ಸ್ವಲ್ಪ ನಕ್ಕರು. ಎಲ್ಲ ಮುಗಿದ ಮೇಲೆ ಅಂಗಳಕ್ಕೆ ಉಗಿದು ಬಂದು ಕೇಳಿದರು (ತುಳುವಿನಲ್ಲಿ ಕೇಳಿದ್ದು, ಕನ್ನಡದಲ್ಲಿ ಬರೆಯುತ್ತಿದ್ದೇನೆ): "ಅದೆಲ್ಲ ಇರಲಿ ಮಾರಾಯ. ನಿನ್ನ ಹೀರೋನ ಪಾಸ್‌ಪೋರ್ಟು ಯಾರ ಹತ್ರ ಉಂಟು?"

"ಅವನ ಜೇಬಲ್ಲೇ ಮಾವ."

"ಜೇಬಲ್ಲಾ? ಹಾಗಾದ್ರೆ ಅವ ಯಾಕೆ ಜೈಲು ಒಡೀಬೇಕು? ಟಿಕೆಟ್ ತೆಗೆದು ವಿಮಾನ ಹತ್ತಿ ಬರ್ಲಿ!"

ನನ್ನ ಕತೆ ಅಲ್ಲೇ ಢಮಾರ್.

ಆಮೇಲೆ ಮಾವ ಹೇಳುತ್ತಾ ಹೋದರು. ಇಳಿದ ಮೊದಲ ದಿನವೇ ಕಂಪನಿಯವನು ಪಾಸ್‌ಪೋರ್ಟು ಈಸಿಕೊಂಡದ್ದು. ಒಂದು ರೂಮಿಗೆ ಹನ್ನೆರಡು ಜನ. 'ಕಫಾಲಾ' ಎಂಬ ಪದ್ಧತಿ, ಅಂದರೆ ನೀನು ಆ ದೇಶದಲ್ಲಿರುವುದೇ ಕೆಲಸ ಕೊಟ್ಟವನ ಜವಾಬ್ದಾರಿಯಲ್ಲಿ, ಅವನು ಒಪ್ಪದೆ ಬೇರೆ ಕೆಲಸಕ್ಕೂ ಹೋಗುವಂತಿಲ್ಲ. ಈಚಿನ ವರ್ಷಗಳಲ್ಲಿ ಗಲ್ಫಿನ ಕೆಲವು ದೇಶಗಳು ಈ ಕಾಯಿದೆ ಸಡಿಲಿಸಿವೆ. ಮಾವನ ಕಾಲದಲ್ಲಿ ಬಿಗಿಯಾಗಿತ್ತು. "ಶೇಕ್ ಅಂತ ಬರೆದಿದ್ದೀಯಲ್ಲ, ಹದಿನೇಳು ವರ್ಷದಲ್ಲಿ ನಾನು ಅವನನ್ನು ನೋಡಿದ್ದು ಆಫೀಸಿನ ಗೋಡೆ ಮೇಲಿನ ಫೋಟೋದಲ್ಲಿ ಮಾತ್ರ. ನನ್ನ ಪಾಸ್‌ಪೋರ್ಟು ಇದ್ದದ್ದು ಒಬ್ಬ ಗುಮಾಸ್ತನ ಮೇಜಿನ ಡ್ರಾವರಿನಲ್ಲಿ. ಅವನೂ ನಮ್ಮ ಕಡೆಯವನೇ."

ನಮ್ಮಜ್ಜಿ, ಅಂದರೆ ಮಾವನ ತಾಯಿ, ತೀರಿಕೊಂಡಾಗ ಆ ಡ್ರಾವರು ತೆರೆಯಲು ಒಂಬತ್ತು ದಿನ ಹಿಡಿಯಿತು. ಸಹಿ ಹಾಕಬೇಕಾದವನು ಊರಲ್ಲಿರಲಿಲ್ಲವಂತೆ. ಮಾವ ಬಂದು ಮುಟ್ಟುವಾಗ ಬೊಜ್ಜದ ಊಟವೂ ಮುಗಿದು ಅಂಗಳದ ಚಪ್ಪರ ಬಿಚ್ಚುತ್ತಿದ್ದರು. ಸೂಟ್‌ಕೇಸು ಹಿಡಿದುಕೊಂಡೇ ಚಪ್ಪರದ ಕಂಬದ ಹತ್ತಿರ ನಿಂತಿದ್ದರು. ನಾನು ಆಗ ಏಳನೇ ಕ್ಲಾಸು. ಆ ಸೀನನ್ನು ಕಣ್ಣಾರೆ ನೋಡಿದವನು ನಾನು! ಆದರೂ ನನ್ನ ಕತೆಯೊಳಗೆ ಅದು ಬರಲಿಲ್ಲ, ಚಿರತೆ ಬಂತು.

ಆದ್ದರಿಂದ ತಿಪಟೂರಿನ ಮಿತ್ರರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನಿಜವಾದ ದೇಶ ನೋಡಿ ಬರೆಯಬಹುದು. ಬರೀ ಬರೆಯಬಹುದು ಅಲ್ಲ, ಹಾಗೇ ಬರೆಯಬೇಕು. ಆದರೆ ನೋಡಿ ಬರೆಯಿರಿ. ಬಾವುಟ, ಬಟ್ಟೆ, ಒಂಟೆ ಅಲ್ಲ. ಡ್ರಾವರು ನೋಡಿ.

ಮಾವನ ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ಸುಳ್ಳು ದೇಶದ ಪಿಕ್ಚರ್‌ಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಮೊದಲು ಎಲ್ಲರ ಗುರು ಚಾಪ್ಲಿನ್. 'ದಿ ಗ್ರೇಟ್ ಡಿಕ್ಟೇಟರ್' ಗೊತ್ತಲ್ಲ? ಹಿಟ್ಲರನನ್ನು ಹಿಡಿದು ಹಿಂಡಿದ ಚಿತ್ರ. ಅದರಲ್ಲಿ ಜರ್ಮನಿ ಎಂಬ ಹೆಸರಿಲ್ಲ. ದೇಶದ ಹೆಸರು ಟೊಮೇನಿಯಾ. ಕೊಳೆತ ಆಹಾರದ ವಿಷಕ್ಕೆ ಆಗ ಇಂಗ್ಲಿಷಿನಲ್ಲಿ 'ಟೊಮೇನ್' ಅನ್ನುತ್ತಿದ್ದರು, ಅದಕ್ಕೊಂದು ಬಾಲ ಸೇರಿಸಿದರು. ಪಕ್ಕದ ಮುಸೊಲಿನಿಯ ದೇಶ ಬ್ಯಾಕ್ಟೀರಿಯಾ! ಸರ್ವಾಧಿಕಾರಿಯ ಹೆಸರು ಹಿಂಕೆಲ್. ಸ್ವಸ್ತಿಕದ ಜಾಗದಲ್ಲಿ ಎರಡು ಕತ್ತರಿ ಗುರುತು. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ, ಪಿಕ್ಚರಿನಲ್ಲಿ ಹಿಂಕೆಲ್ ನುಂಗುವ ದೇಶ ಆಸ್ಟರ್ಲಿಚ್. ಚಾಪ್ಲಿನ್ ಹುಟ್ಟಿದ್ದು 1889ರ ಏಪ್ರಿಲ್ 16ಕ್ಕೆ, ಹಿಟ್ಲರ್ ಹುಟ್ಟಿದ್ದು ಅದೇ ತಿಂಗಳ 20ಕ್ಕೆ. ನಾಲ್ಕೇ ದಿನದ ಅಂತರ, ಮೀಸೆಯೂ ಒಂದೇ. ಬಿಡುತ್ತಾರೆಯೇ!

ಹಿಂಕೆಲ್ ಭೂಗೋಳದ ಬಲೂನು ಹಿಡಿದು ಕುಣಿಯುವ ಸೀನನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೇಳುವುದು ಬೇರೆ ಸೀನು. ಚಾಪ್ಲಿನ್ನರ ಇನ್ನೊಂದು ಪಾತ್ರ ಯಹೂದಿ ಕ್ಷೌರಿಕನದು. ಹಳೇ ಯುದ್ಧದಲ್ಲಿ ನೆನಪು ಕಳೆದುಕೊಂಡು ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವನು, ದೇಶ ಬದಲಾದದ್ದೇ ಗೊತ್ತಿಲ್ಲದೆ ಅಂಗಡಿಗೆ ವಾಪಸ್ ಬರುತ್ತಾನೆ. ಹಿಂಕೆಲ್‌ನ ಪಡೆಯವರು ಅಂಗಡಿ ಗಾಜಿನ ಮೇಲೆ 'ಯಹೂದಿ' ಎಂದು ಬಣ್ಣದಲ್ಲಿ ಬರೆಯುತ್ತಾರೆ. ಇವನು ಏನೂ ಗೊತ್ತಿಲ್ಲದೆ ಅದನ್ನು ಒರೆಸಲು ಹೊರಡುತ್ತಾನೆ. ನನ್ನ ಅಂಗಡಿ, ನನ್ನ ಗಾಜು, ಕೊಳೆಯಾಗಿದೆ, ಒರೆಸುತ್ತೇನೆ! ಅಷ್ಟೇ ಅವನ ಲೆಕ್ಕ. ಆ ದೇಶದಲ್ಲಿ ಬಡವನ ಗಾಜು ಯಾರದು ಎಂಬುದು ಆ ಒಂದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಇದೇ ಮಾವ ಹೇಳಿದ ಡ್ರಾವರು. ಇನ್ನೊಂದು ಸೂಕ್ಷ್ಮ ನೋಡಿ. ಆ ಬೀದಿಯ ಅಂಗಡಿ ಬೋರ್ಡುಗಳು ಜರ್ಮನ್ ಭಾಷೆಯಲ್ಲಿಲ್ಲ, ಎಸ್ಪೆರಾಂಟೋದಲ್ಲಿವೆ. ಲೋಕಕ್ಕೆಲ್ಲ ಒಂದೇ ಭಾಷೆಯಿರಲಿ ಎಂದು ಜಾಮೆನ್‌ಹೋಫ್ ಎಂಬ ಯಹೂದಿ ವೈದ್ಯರು ಕಟ್ಟಿದ ಭಾಷೆ ಅದು. ಹಿಟ್ಲರನಿಗೆ ಕಂಡರಾಗದ ಭಾಷೆ. ಹಾಳಾದ ಬೋರ್ಡಿನಲ್ಲೂ ಕೆಲಸ!

ಶೂಟಿಂಗ್ ಶುರುವಾದದ್ದು 1939ರ ಸೆಪ್ಟೆಂಬರಿನಲ್ಲಿ, ಯುದ್ಧ ಹೊತ್ತಿಕೊಂಡ ತಿಂಗಳಲ್ಲೇ. ಅದಕ್ಕೂ ಮೊದಲು, ಹಿಟ್ಲರನನ್ನು ಕೆರಳಿಸಬಾರದೆಂದು, ಈ ಚಿತ್ರ ತಮ್ಮಲ್ಲಿ ಬರಕೂಡದು ಎನ್ನುವ ಧೋರಣೆಯಲ್ಲಿತ್ತು ಬ್ರಿಟನ್. 1940ರ ಅಕ್ಟೋಬರಿನಲ್ಲಿ ಚಿತ್ರ ತೆರೆ ಕಾಣುವ ಹೊತ್ತಿಗೆ ಅದೇ ಬ್ರಿಟನ್ ಹಿಟ್ಲರನ ಜೊತೆ ಯುದ್ಧದಲ್ಲಿತ್ತು, ಚಪ್ಪಾಳೆ ತಟ್ಟಿತು. ಸ್ಪೇನಿನ ಜನ ಮಾತ್ರ ಈ ಚಿತ್ರವನ್ನು ಥಿಯೇಟರಿನಲ್ಲಿ ನೋಡಲು ತಮ್ಮ ಸರ್ವಾಧಿಕಾರಿ ಫ್ರಾಂಕೋ ಸಾಯುವವರೆಗೆ, ಅಂದರೆ 1975 ಕಳೆಯುವವರೆಗೆ ಕಾಯಬೇಕಾಯಿತು. ನೋಡಿ ಮಜಾ! ಟೊಮೇನಿಯಾ ಅಂದರೆ ಯಾವ ದೇಶ ಎಂದು ಯಾರೂ ಹೇಳಿರಲಿಲ್ಲ. ಆದರೂ ಯಾರಿಗೆ ಚುಚ್ಚಬೇಕೋ ಅವರಿಗೆ ಚುಚ್ಚಿತ್ತು. ಹಿಟ್ಲರನ ಶಿಬಿರಗಳಲ್ಲಿ ನಡೆದದ್ದು ಪೂರ್ತಿ ಗೊತ್ತಿದ್ದರೆ ಆ ಹುಚ್ಚನ್ನು ಹಾಸ್ಯ ಮಾಡಲು ತನ್ನ ಕೈಲಿ ಆಗುತ್ತಿರಲಿಲ್ಲ ಎಂದು ಚಾಪ್ಲಿನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಕೇಸಿನ ಭಯ ಎಂದಿರಲ್ಲ. 'ಪಾತ್ರಗಳೆಲ್ಲ ಕಾಲ್ಪನಿಕ' ಎಂಬ ಬೋರ್ಡು ನೀವೂ ಹಾಕಿ, ಎಲ್ಲರೂ ಹಾಕುತ್ತಾರೆ. ಚಾಪ್ಲಿನ್ ಅದನ್ನೂ ತಮಾಷೆ ಮಾಡಿದರು. ಸರ್ವಾಧಿಕಾರಿಗೂ ಕ್ಷೌರಿಕನಿಗೂ ಹೋಲಿಕೆ ಕಂಡರೆ ಅದು ಆಕಸ್ಮಿಕ ಎಂದು ಮೊದಲೇ ತೋರಿಸಿಬಿಟ್ಟರು. ಎರಡೂ ಅವರದೇ ಮುಖ! 1969ರಲ್ಲಿ ಕೋಸ್ಟಾ ಗಾವ್ರಾಸ್ ಎಂಬ ನಿರ್ದೇಶಕರು 'ಝಡ್' ಎಂಬ ಚಿತ್ರ ಮಾಡಿದರು. 1963ರಲ್ಲಿ ಗ್ರೀಸಿನಲ್ಲಿ ಲಾಂಬ್ರಾಕಿಸ್ ಎಂಬ ಸಂಸದನ ಕೊಲೆಯಾಗಿತ್ತು, ಆ ಕತೆ. ಚಿತ್ರದಲ್ಲಿ ದೇಶದ ಹೆಸರೇ ಇಲ್ಲ. ಆದರೆ ಶುರುವಿನಲ್ಲೇ ಬೋರ್ಡು: ಹೋಲಿಕೆ ಕಂಡರೆ ಅದು ಬೇಕೆಂದೇ ಮಾಡಿದ್ದು ಅಂತ! ಅಬ್ಬಾ, ಗುಂಡಿಗೆ ಅಂದರೆ ಅದು.

ಅಷ್ಟು ದೂರ ಯಾಕೆ, ಪಕ್ಕದ ಮದ್ರಾಸಿಗೆ ಬನ್ನಿ. 1958, 'ನಾಡೋಡಿ ಮನ್ನನ್'. ಎಂ.ಜಿ.ಆರ್. ತಾವೇ ನಿರ್ಮಿಸಿ, ತಾವೇ ನಿರ್ದೇಶಿಸಿ, ರಾಜನೂ ಬಡವನೂ ಆಗಿ ಎರಡು ವೇಷ ಹಾಕಿದ ಚಿತ್ರ. ನಮ್ಮ ಬೆಂಗಳೂರಿನ ಹುಡುಗಿ ಬಿ. ಸರೋಜಾದೇವಿ ತಮಿಳರ ಮನೆಮಾತಾದದ್ದು ಈ ಚಿತ್ರದಿಂದಲೇ. ದೇಶದ ಹೆಸರು ರತ್ನಪುರಿ. ರಾಜನ ಬದಲಿಗೆ ಸಿಂಹಾಸನದಲ್ಲಿ ಕೂತ ಬಡವ, ಬಡವರಿಗೆ ಬೇಕಾದ ಕಾನೂನುಗಳನ್ನು ಒಂದೊಂದಾಗಿ ಸಾರುತ್ತಾನೆ. ಎಂ.ಜಿ.ಆರ್. ಆಗ ಡಿ.ಎಂ.ಕೆ.ಯಲ್ಲಿದ್ದರು, ಅಧಿಕಾರ ಕಾಂಗ್ರೆಸ್ಸಿನ ಕೈಯಲ್ಲಿತ್ತು. ರತ್ನಪುರಿ ಯಾವುದು, ಅಲ್ಲಿ ಯಾರು ಇಳಿಯಬೇಕು, ಯಾರು ಏರಬೇಕು ಎಂದು ಥಿಯೇಟರಿನಲ್ಲಿ ನೆಲದ ಮೇಲೆ ಕೂತವನಿಗೂ ಗೊತ್ತಿತ್ತು. ಚಿತ್ರಸಂಸ್ಥೆಯ ಲಾಂಛನದಲ್ಲೇ ಒಂದು ಗಂಡು ಒಂದು ಹೆಣ್ಣು ಪಕ್ಷದ ಬಾವುಟ ಹಿಡಿದು ನಿಂತಿದ್ದರು ಅಂದ ಮೇಲೆ ಕೇಳಬೇಕೆ! ಹತ್ತೊಂಬತ್ತು ವರ್ಷದ ಮೇಲೆ, 1977ರಲ್ಲಿ, ರತ್ನಪುರಿಯ ಆ ಬಡವ ನಿಜವಾಗಿಯೂ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತ. ಸುಳ್ಳು ದೇಶದಿಂದ ನಿಜವಾದ ರಾಜ್ಯಕ್ಕೆ ವರ್ಗಾವಣೆ ಪಡೆದವರು ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರೋ, ನಾನಂತೂ ಕಾಣೆ.

ಕಲ್ಕತ್ತದಲ್ಲಿ ಸತ್ಯಜಿತ್ ರೇ ಮಾಡಿದ್ದು ಇನ್ನೂ ನಾಜೂಕು. 1975ರ ಜೂನ್‌ನಿಂದ 1977ರ ಮಾರ್ಚಿವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತಲ್ಲ, ಆಗ ರಾಜಕೀಯವನ್ನು ನೇರವಾಗಿ ಕೆಣಕಿದ ಚಿತ್ರಗಳ ಪಾಡು ಏನಾಯಿತೆಂಬುದಕ್ಕೆ ಅಮೃತ್ ನಹಾಟಾ ಅವರ 'ಕಿಸ್ಸಾ ಕುರ್ಸಿ ಕಾ' ಸಾಕ್ಷಿ. ನೆಗೆಟಿವ್ ಸಮೇತ ನಾಶ ಮಾಡಿದರು. ಪುನಃ ತೆಗೆದು 1978ರಲ್ಲಿ ಬಿಡುಗಡೆ ಮಾಡಬೇಕಾಯಿತು. ರೇ ಏನು ಮಾಡಿದರು? ಮಕ್ಕಳ ಕತೆ ಎಂದು ಮಾಡಿದರು. 1980ರ 'ಹೀರಕ್ ರಾಜಾರ್ ದೇಶೆ', ಅಂದರೆ ವಜ್ರದ ರಾಜನ ದೇಶ. ಗಣಿಯಲ್ಲಿ ವಜ್ರ ತೆಗೆಯುವವನಿಗೆ ಹೊಟ್ಟೆಗಿಲ್ಲ, ಮಂತ್ರಿಗಳ ಕೊರಳಿಗೆ ವಜ್ರದ ಹಾರ. ಎದುರಾಡಿದವರ ತಲೆ ತೊಳೆಯಲು ಒಂದು ಯಂತ್ರ. ಉತ್ಸವಕ್ಕೆ ಪರದೇಶದ ಅತಿಥಿಗಳು ಬರುತ್ತಾರೆಂದು ಬಡವರನ್ನೆಲ್ಲ ಕಣ್ಣಿಗೆ ಕಾಣದ ಕಡೆ ಅಟ್ಟುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ದೆಹಲಿಯ ಗುಡಿಸಲುಗಳನ್ನು ಎತ್ತಂಗಡಿ ಮಾಡಿದ್ದನ್ನು ಬಲ್ಲವರಿಗೆ ಇದು ಮಕ್ಕಳ ಕತೆಯಾಗಿ ಕಾಣಲಿಲ್ಲ. ಕಟ್ಟುಕತೆಯಲ್ಲಾದರೆ ಮುಚ್ಚುಮರೆ ಇಲ್ಲದೆ ಹೇಳಬಹುದು, ಇಂದಿನ ಜನರ ಕತೆಯಲ್ಲಾದರೆ ಸೆನ್ಸಾರು ಒಂದು ಹಂತಕ್ಕೆ ತಡೆಯುತ್ತದೆ ಎಂದು ರೇ ಅವರೇ ಸಂದರ್ಶನದಲ್ಲಿ ಹೇಳಿದ್ದುಂಟು. ಆ ದೇಶದಲ್ಲಿ ಎಲ್ಲರೂ ಪ್ರಾಸಬದ್ಧವಾಗಿ ಮಾತಾಡುತ್ತಾರೆ. ಶಾಲೆ ಮುಚ್ಚಿಸಿಕೊಂಡ ಮೇಷ್ಟರು ಮಾತ್ರ ನಮ್ಮ ನಿಮ್ಮ ಹಾಗೆ ಮಾತಾಡುತ್ತಾರೆ. ತಲೆ ತೊಳೆಸಿಕೊಳ್ಳದ ಮನುಷ್ಯ ಅಂತ ಬೇರೆ ಬೋರ್ಡು ಬೇಕೇ?

ಹಾಗಂತ ಸುಳ್ಳು ದೇಶವೆಲ್ಲ ಧೈರ್ಯದ ದೇಶ ಎಂದುಕೊಳ್ಳಬೇಡಿ. ಹಾಲಿವುಡ್ಡಿನ 'ಕಮಾಂಡೊ' ನೋಡಿದ್ದೀರಲ್ಲ? 1985, ಅರ್ನಾಲ್ಡ್. ನಾನೂ ಹನ್ನೊಂದು ಸಲ ನೋಡಿದ್ದೇನೆ, ಇನ್ನೂ ನೋಡುತ್ತೇನೆ, ಅದು ಬೇರೆ ಮಾತು. ಅದರಲ್ಲಿ ದಕ್ಷಿಣ ಅಮೆರಿಕದ ಕಡೆಯದು ಅನ್ನಿಸುವ ಒಂದು ದೇಶ ಬರುತ್ತದೆ, ವಾಲ್ ವರ್ಡೆ ಅಂತ. ಪದಚ್ಯುತ ಸರ್ವಾಧಿಕಾರಿಯೊಬ್ಬ ಹೀರೋನ ಮಗಳನ್ನು ಹಿಡಿದಿಟ್ಟು, ಅಲ್ಲಿನ ಅಧ್ಯಕ್ಷನನ್ನು ಕೊಂದು ಬಾ ಎಂದು ಇವನನ್ನು ವಿಮಾನ ಹತ್ತಿಸುತ್ತಾನೆ. ಹೀರೋ ಏನು ಮಾಡುತ್ತಾನೆ? ವಿಮಾನ ಮೇಲೇಳುತ್ತಿದ್ದ ಹಾಗೇ ಕೆಳಕ್ಕೆ ಹಾರುತ್ತಾನೆ! ಅಂದರೆ ಆ ದೇಶಕ್ಕೆ ಹೋಗುವುದೇ ಇಲ್ಲ. ಒಂದು ಇಡೀ ದೇಶ, ಅದರ ಸರ್ಕಾರ, ಅದರ ಜನ... ಪಿಕ್ಚರಿನಲ್ಲಿ ಅದರ ಒಂದು ಬೀದಿಯೂ ಇಲ್ಲ. ಕೊಲ್ಲಿಸಿಕೊಳ್ಳಲು ಮೀಸೆ ಬಿಟ್ಟ ಗಂಡಸರನ್ನು ಸಪ್ಲೈ ಮಾಡುವುದಷ್ಟೇ ಆ ದೇಶದ ಕೆಲಸ. ಅಲ್ಲಿ ಪಾಸ್‌ಪೋರ್ಟು ಯಾರ ಹತ್ತಿರ ಇದೆ ಎಂದು ಕೇಳಿದರೆ ಬರೆದವನಿಗೇ ಗೊತ್ತಿಲ್ಲ. ನನ್ನ ಖಜೂರಿಸ್ತಾನಕ್ಕೂ ಇದಕ್ಕೂ ವ್ಯತ್ಯಾಸ ಒಂಟೆ ಮಾತ್ರ.

ಅದಕ್ಕಿಂತ ದೊಡ್ಡ ಜೋಕು 'ರೆಡ್ ಡಾನ್'. ಅಮೆರಿಕದ ಮೇಲೆ ಶತ್ರುಸೈನ್ಯ ದಾಳಿ ಮಾಡುವ ಕತೆ. 1984ರ ಮೊದಲ ಚಿತ್ರದಲ್ಲಿ ಶತ್ರು ಸೋವಿಯತ್ ಮತ್ತು ಕ್ಯೂಬಾ. ಮತ್ತೆ ತೆಗೆದಾಗ, 2009ರ ಶೂಟಿಂಗಿನಲ್ಲಿ, ಶತ್ರು ಚೀನಾ. ಆಮೇಲೆ ಯಾರೋ ಲೆಕ್ಕ ಹಾಕಿದರು: ಚೀನಾದಲ್ಲಿ ಪಿಕ್ಚರ್ ಓಡಿಸಬೇಕಲ್ಲಪ್ಪಾ! ಕಂಪ್ಯೂಟರಿನಲ್ಲಿ ಬಾವುಟ, ಲಾಂಛನ ಎಲ್ಲ ಅಳಿಸಿ ಉತ್ತರ ಕೊರಿಯಾ ಮಾಡಿ 2012ರಲ್ಲಿ ಬಿಟ್ಟರು. ನಟರು ಅವರೇ, ಬಂದೂಕು ಅವೇ. ಬಾವುಟ ಬದಲಾಯಿಸಿದರೆ ದೇಶವೇ ಬದಲಾಗುತ್ತದೆ ಅಂದ ಮೇಲೆ ಅಲ್ಲಿ ದೇಶ ಅಂತ ಒಂದು ಇತ್ತಾ? ನಮ್ಮ ನಿರ್ಮಾಪಕರು ನನಗೆ ಹೇಳಿದ್ದೂ ಇದೇ ಅಲ್ಲವೆ, ಟಿಕೆಟ್ ತಗೊಳ್ಳೋರಿಗೆ ನೋವಾಗಬಾರದು! ಚಾಪ್ಲಿನ್, ರೇ ಹೆಸರು ಮುಚ್ಚಿದ್ದು ಬಲಶಾಲಿಯನ್ನು ಹೊಡೆಯಲಿಕ್ಕೆ. ಇವರು ಮುಚ್ಚುವುದು ಗಿರಾಕಿಯನ್ನು ಉಳಿಸಿಕೊಳ್ಳಲಿಕ್ಕೆ.

ನಮ್ಮೂರ ಪಕ್ಕದ ಉದ್ಯಾವರದ ಬಿ. ವಿಠಲಾಚಾರ್ಯರನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ ಮತ್ತೆ! 1963ರ 'ವೀರಕೇಸರಿ' ಇರಲಿ, ತೆಲುಗಿನಲ್ಲಿ ಅವರು ಮಾಡಿದ ಸಾಲು ಸಾಲು ಮಾಯಾಮಂತ್ರದ ಚಿತ್ರಗಳಿರಲಿ, ಆ ರಾಜ್ಯಗಳು ಅಜ್ಜಿಕತೆಯ ರಾಜ್ಯಗಳು. ಒಂದು ಆಸ್ಥಾನ, ಒಂದು ಕಾಡು, ಒಂದು ಗುಹೆ. ಅವಕ್ಕೆ ಮ್ಯಾಪೂ ಬೇಡ, ಪಾಸ್‌ಪೋರ್ಟೂ ಬೇಡ. ಯಾವ ನಿಜವಾದ ದೇಶದ ಮೇಲೂ ಅವರು ಆರೋಪ ಹೊರಿಸಲಿಲ್ಲ.

ಭಾಷೆಯ ವಿಚಾರ ಬಾಕಿ ಉಳಿಯಿತು. ನನ್ನ ಉಲ್ಟಾ ತುಳುವಿಗೆ ನೀವು ನಕ್ಕಿರಿ, ಇರಲಿ. ಟಿನ್‌ಟಿನ್ ಕಾಮಿಕ್ಸಿನ ಎರ್ಜೆ ಇದ್ದಾರಲ್ಲ, ಅವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 1938-39ರಲ್ಲಿ, ಹಿಟ್ಲರ್ ನೆರೆಯವರನ್ನು ನುಂಗುತ್ತಿದ್ದ ಹೊತ್ತಿನಲ್ಲಿ, ಅವರು ಸಿಲ್ಡೇವಿಯಾ ಎಂಬ ಪುಟ್ಟ ರಾಜ್ಯವನ್ನೂ ಅದನ್ನು ನುಂಗಲು ಕಾದಿರುವ ಬೋರ್ಡೂರಿಯಾವನ್ನೂ ಹುಟ್ಟಿಸಿದರು. ಸಂಚು ಹೂಡುವವನ ಹೆಸರು ಮುಸ್ಟ್ಲರ್. ಮುಸೊಲಿನಿಯ ತಲೆ, ಹಿಟ್ಲರನ ಬಾಲ! ಸಿಲ್ಡೇವಿಯಾದ ಭಾಷೆ ನೋಡಲು ಪೂರ್ವ ಯೂರೋಪಿನದು, ಒಳಗೆ ಎರ್ಜೆಯ ಸ್ವಂತ ಊರು ಬ್ರಸೆಲ್ಸಿನ ಮಾರೋಲ್ ಬಡಾವಣೆಯ ಆಡುಮಾತು. ನಮ್ಮ 'ಬಾಹುಬಲಿ'ಯ ಕಾಲಕೇಯರಿಗೆ ಮದನ್ ಕಾರ್ಕಿ ವ್ಯಾಕರಣ ಸಮೇತ ಕಿಲಿಕಿ ಭಾಷೆ ಕಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ಮಾಹಿಷ್ಮತಿ ಅಂತೂ ಪುರಾಣದಲ್ಲಿ ಬರುವ, ನರ್ಮದೆಯ ದಡದ ಹಳೇ ಪಟ್ಟಣದ ಹೆಸರು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ವಕಾಂಡಾ. 'ಬ್ಲಾಕ್ ಪ್ಯಾಂಥರ್'ನ ಆ ಆಫ್ರಿಕನ್ ದೇಶವನ್ನು 1966ರಲ್ಲಿ ಕಾಮಿಕ್ಸಿನಲ್ಲಿ ಹುಟ್ಟಿಸಿದವರು ನ್ಯೂಯಾರ್ಕಿನವರಾದ ಸ್ಟಾನ್ ಲೀ ಮತ್ತು ಜಾಕ್ ಕರ್ಬಿ. 2016ರಲ್ಲಿ 'ಸಿವಿಲ್ ವಾರ್' ಚಿತ್ರದಲ್ಲಿ ಆ ದೇಶದ ರಾಜನ ಪಾತ್ರಕ್ಕೆ ಬಂದ ದಕ್ಷಿಣ ಆಫ್ರಿಕದ ಹಿರಿಯ ನಟ ಜಾನ್ ಕಾನಿ, ಅಪ್ಪ ಮಗ ಇಂಗ್ಲಿಷಿನಲ್ಲಿ ಯಾಕೆ ಮಾತಾಡಬೇಕು, ನನ್ನ ಮಾತೃಭಾಷೆ ಖೋಸಾದಲ್ಲಿ ಆಡೋಣ ಎಂದು ಸೂಚಿಸಿದರು. ಅಂದಿನಿಂದ ಖೋಸಾ ವಕಾಂಡಾದ ಭಾಷೆಯಾಯಿತು. 2018ರ ಚಿತ್ರದಲ್ಲಿ ಗಡಿಕಾಯುವವರು ಹೊದ್ದ ಕಂಬಳಿ ಲೆಸೊಥೊ ದೇಶದ ಬಸೂತೋ ಜನರದು. ರಾಜಮಾತೆಯ ತಲೆಯ ಅಗಲ ಟೊಪ್ಪಿಗೆ ಜುಲು ಹೆಂಗಸರದು. ಉಡುಪಿಗೂ ಕಲಾವಿನ್ಯಾಸಕ್ಕೂ ಆಸ್ಕರ್ ಬಂತು. ಹತ್ತು ಜನಾಂಗದ್ದನ್ನು ಕಲಸಿ ಒಂದು ದೇಶ ಮಾಡಿದ್ದಾರೆ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಕಡ ತಂದ ಪ್ರತಿ ವಸ್ತುವಿಗೂ ಒಂದು ಮನೆ ವಿಳಾಸ ಇದೆ. ಕೇಳಿ ತಂದದ್ದು. ನನ್ನ ಚಿರತೆಯನ್ನು ಎಲ್ಲಿಂದ ತಂದೆ? ಯಾವುದೋ ಹಳೇ ಪಿಕ್ಚರಿನಿಂದ!

ದೇಶ ದೊಡ್ಡದಾಯಿತು ಅನ್ನಿಸಿದರೆ ಊರಿನಿಂದ ಶುರು ಮಾಡಿ. ಆರ್.ಕೆ. ನಾರಾಯಣ್ 1935ರಲ್ಲಿ ಮಾಲ್ಗುಡಿ ಎಂಬ ಇಲ್ಲದ ಊರು ಕಟ್ಟಿದರು, ಶಂಕರಣ್ಣ ಅದನ್ನು ಆಗುಂಬೆಯಲ್ಲಿ ಟಿ.ವಿ.ಗಾಗಿ ಚಿತ್ರಿಸಿದರು. ಈಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲ್ವೆ ಸ್ಟೇಷನ್ನಿನ ಹಳೇ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಇಲ್ಲದ ಊರಿಗೆ ಇರುವ ಸ್ಟೇಷನ್ನು!

ನೀವು ತಿಪಟೂರಿನವರು. ಕೊಬ್ಬರಿ ಹರಾಜಿನ ದಿನ ಮಾರ್ಕೆಟ್ಟಿನಲ್ಲಿ ರೈತನ ಮುಖ ಹೇಗಿರುತ್ತದೆ, ರೇಟು ಬೀಳುವಾಗ ಯಾರು ನಗುತ್ತಾರೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಶತ್ರುದೇಶದಲ್ಲೂ ಅಂಥದೊಂದು ಮಾರ್ಕೆಟ್ಟು ಇಡಿ. ನಿಮ್ಮ ಹೀರೋ ಕತ್ತು ಹಿಸುಕುವ ಆ ಕಾವಲುಗಾರ ಬೆಳಿಗ್ಗೆ ಏನು ತಿಂದು ಡ್ಯೂಟಿಗೆ ಬಂದ? ಅವನ ಸಂಬಳ ಎಷ್ಟು ತಿಂಗಳಿಂದ ಬಾಕಿ? ಮನಸ್ಸಲ್ಲಿರುವ ಆ ನಿಜವಾದ ದೇಶಕ್ಕೆ ಹೋಗಿಬಂದವರು ನಿಮ್ಮ ತಾಲೂಕಿನಲ್ಲೇ ಒಬ್ಬರು ಸಿಗುತ್ತಾರೆ, ಅವರನ್ನು ಹುಡುಕಿ ಕತೆ ಓದಿ ಹೇಳಿ. ಅವರು ನಕ್ಕ ಜಾಗಕ್ಕೆ ಗೆರೆ ಎಳೆಯಿರಿ.

ನನ್ನ ಕತೆ ಏನಾಯಿತು ಅಂತೀರಾ? ತಿದ್ದಿ ಬರೆದೆ. ಚಿರತೆ ಹೋಯಿತು, ಡ್ರಾವರು ಬಂತು. ಖಳನಾಯಕ ಶೇಕ್ ಅಲ್ಲ, ನಮ್ಮದೇ ತಾಲೂಕಿನ ವೀಸಾ ಏಜೆಂಟ್. ದೇಶಕ್ಕೆ ಹೆಸರನ್ನೇ ಇಡಲಿಲ್ಲ, ಎಲ್ಲರೂ 'ಆಚೆ' ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅನ್ನುವ ಹಾಗೆ. ನಿರ್ಮಾಪಕರು ನಾಲ್ಕು ಪುಟ ಓದಿ, "ಇದ್ರಲ್ಲಿ ಫೈಟು ಎಲ್ಲಿದೆ?" ಅಂದರು. ಆ ಹಾಳೆಗಳು ಊರ ಮನೆಯ ಟ್ರಂಕಿನಲ್ಲಿವೆ, ಅಜ್ಜಿಯ ಸೀರೆಯ ಕೆಳಗೆ.

ಈ ಅಂಕಣ ಬರೆಯುವ ಮೊದಲು ಮಾವನಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. ಈಗ ಅವರು ಊರಲ್ಲೇ ಇದ್ದಾರೆ, ಬೇಸಾಯ. "ಬರಿ, ಅಡ್ಡಿಯಿಲ್ಲ. ನನ್ನ ಹೆಸರು ಬೇಡ. ಆ ದೇಶದ ಹೆಸರೂ ಹಾಕಬೇಡ" ಅಂದರು. ಇಷ್ಟುದ್ದ ಓದಿದವರು ಗಮನಿಸಿರಬೇಕು, ಹಾಕಿಲ್ಲ.

ಯಾಕೆ ಬೇಡ ಅಂತ ನಾನು ಕೇಳಬೇಕಾಗಿರಲಿಲ್ಲ. ಮಾವನ ಮಗ, ನನ್ನ ಭಾವ, ಎ.ಸಿ. ಮೆಕ್ಯಾನಿಕ್ ಕೆಲಸಕ್ಕೆಂದು ಹೋದ ವರ್ಷ ಹೋದದ್ದು ಅಲ್ಲಿಗೇ.

"ಅವನ ಪಾಸ್‌ಪೋರ್ಟು ಯಾರ ಹತ್ರ ಉಂಟು ಮಾವ?" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ನಿನ್ನ ಊಟ ಆಯ್ತಾ?" ಅಂದರು.